ಅರಿಸಿನದ ಅಳತೆ



ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಕೇಳದವರಿಲ್ಲ. ಒಡೆದ ಮುತ್ತನ್ನು ಕೂಡಿಸಲಾಗದು. ಆದರೆ ಆಡಿದ ಮಾತು ತಪ್ಪೆಂದು ತಿಳಿದ ಬಳಿಕ ಅದನ್ನು ತಿದ್ದಲಾದರೂ ಬರುತ್ತದೆ. ಪ್ರವಚನದ ಪೀಠದ ಮೇಲೆ ಕುಳಿತು ನಾವು ಆಡಿದ ಅಂತಹ ಒಂದು ಮಾತನ್ನು ಈ ತಿಂಗಳ ಅಂಕಣದಲ್ಲಿ ತಿದ್ದಬೇಕಾಗಿದೆ.

ಎರಡು ವರ್ಷಗಳ ಹಿಂದಿನ ಶ್ರಾವಣ ಮಾಸದ ಪ್ರವಚನ. ಅಂದಿನ ವಿಷಯ ಆಹಾರಶುದ್ಧಿ. ದಾಸೋಹದ ಮನೆಯ ಸಾರಿನ ಪರಿಮಳ ಸಭಾಮಂಟಪದವರೆಗೂ ಬರುತ್ತಿತ್ತು. ಮಾತಿನ ಓಘದಲ್ಲಿ ನಾವು, "ನಮ್ಮ ತಾಯಂದಿರ ಒಗ್ಗರಣೆಯ ಡಬ್ಬಿಯಲ್ಲಿರುವ ಅರಿಸಿನಕ್ಕಿಂತ ಮಿಗಿಲಾದ ಔಷಧ ಯಾವುದಿದೆ? ತಿಂದದ್ದು ನೇರವಾಗಿ ರಕ್ತದಲ್ಲಿ ಬೆರೆತು ರೋಗವನ್ನು ಹೊರದೂಡುತ್ತದೆ" ಎಂದೆವು. ಸಭೆ ತಲೆದೂಗಿತು. ನಮಗೂ ಸಂತೋಷವಾಯಿತು.

ಆ ಸಭೆಯಲ್ಲಿ ನಿವೃತ್ತ ಗಣಿತ ಶಿಕ್ಷಕರೊಬ್ಬರಿದ್ದರು. ಮೊಣಕಾಲ ನೋವಿನಿಂದ ಬಹಳ ದಿನ ಬಳಲಿದವರು. ನಮ್ಮ ಮಾತು ಅವರ ಮನಸ್ಸಿನಲ್ಲಿ ನಿಂತಿತು. ಕೆಲವೇ ದಿನಗಳಲ್ಲಿ ಅರಿಸಿನದ ಸಾರವನ್ನು ತುಂಬಿದ, ಕಾಳುಮೆಣಸಿನ ಸಾರವನ್ನೂ ಕೂಡಿಸಿದ ಗುಳಿಗೆಗಳನ್ನು ತರಿಸಿಕೊಂಡು, ಯಾವ ವೈದ್ಯರನ್ನೂ ಕೇಳದೆ ದಿನಕ್ಕೆ ಎರಡರಂತೆ ಸೇವಿಸತೊಡಗಿದರು. ಮೂರನೆಯ ತಿಂಗಳಿಗೆ ಹಸಿವು ಅಡಗಿತು, ಮೂತ್ರ ಕಡುಬಣ್ಣಕ್ಕೆ ತಿರುಗಿತು, ಕಣ್ಣುಗಳು ಹಳದಿಯಾದವು. ನಮ್ಮ ಭಾಷೆಯಲ್ಲಿ ಆ ವ್ಯಾಧಿಗೆ ಅರಿಸಿನ ಕಾಮಾಲೆಯೆಂದೇ ಹೆಸರು. ವೈದ್ಯರು ಸೋಂಕುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಯಾವುದೂ ಇಲ್ಲವೆಂದು ಕಂಡ ಮೇಲೆ ಗುಳಿಗೆಯನ್ನು ನಿಲ್ಲಿಸಿದರು. ಯಕೃತ್ತು ಸುಧಾರಿಸಲು ಎರಡು ತಿಂಗಳಿಗೂ ಮಿಕ್ಕಿ ಕಾಲ ಹಿಡಿಯಿತು.

ಗುಣವಾದ ಬಳಿಕ ದಂಪತಿಗಳು ಮಠಕ್ಕೆ ಬಂದರು. ಆ ತಾಯಿ ಚೀಲದಿಂದ ಗುಳಿಗೆಯ ಸೀಸೆಯನ್ನು ತೆಗೆದು ನಮ್ಮ ಮುಂದಿಟ್ಟು, "ಗುರುಗಳೇ, ತಾವು ಹೇಳಿದಿರಿ ಅಂತ ಇವರು ತೊಗೊಂಡರು" ಎಂದಷ್ಟೇ ಹೇಳಿ ಸುಮ್ಮನಾದರು. ಅವರ ದನಿಯಲ್ಲಿ ದೂರು ಇರಲಿಲ್ಲ; ಅದರಿಂದಲೇ ನಮಗೆ ಹೆಚ್ಚು ನೋವಾಯಿತು. ಶಿಕ್ಷಕರು ಮಾತ್ರ ತಮ್ಮ ವೃತ್ತಿಗೆ ತಕ್ಕ ಪ್ರಶ್ನೆಯನ್ನೇ ಕೇಳಿದರು: "ಗುರುಗಳೇ, ರಕ್ತದಲ್ಲಿ ಬೆರೆಯುತ್ತದೆ ಎಂದಿರಲ್ಲ, ಎಷ್ಟು ಬೆರೆಯುತ್ತದೆ? ಅದನ್ನು ಅಳೆದವರು ಯಾರಾದರೂ ಇದ್ದಾರೆಯೇ?"

ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಕಾವ್ಯ, ಶಾಸ್ತ್ರಗಳನ್ನು ಓದಿದವರು, ವೈದ್ಯಶಾಸ್ತ್ರವನ್ನು ಓದಿದವರಲ್ಲ. ಆದರೆ ತಿಳಿಯದ್ದನ್ನು ತಿಳಿದವರಂತೆ ಹೇಳಿದ ಮೇಲೆ ತಿಳಿದುಕೊಳ್ಳುವ ಭಾರ ನಮ್ಮದೇ ಆಯಿತು. ಭಕ್ತರ ಮನೆತನದ ಹೆಣ್ಣುಮಗಳೊಬ್ಬಳು ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಆಕೆಯ ಬಳಿಗೆ ಹೋಗಿ ಶಿಷ್ಯರಂತೆ ಕುಳಿತೆವು. ಆಕೆ ತೋರಿಸಿದ್ದನ್ನು, ಓದಿ ತಿಳಿಸಿದ್ದನ್ನು ಇಲ್ಲಿ ಕ್ರಮವಾಗಿ ನಿವೇದಿಸುತ್ತೇವೆ.

ಮೊದಲು ಅಳೆಯಬೇಕಾದ ವಸ್ತು ಯಾವುದೆಂಬುದನ್ನು ಅರಿಯೋಣ. ಅರಿಸಿನದ ಕೊಂಬಿನಲ್ಲಿ ಬಹುಪಾಲು ಹಿಟ್ಟು, ನಾರು, ತೇವ ಮತ್ತು ಸುವಾಸನೆಯ ತೈಲ. ಅದಕ್ಕೆ ಹಳದಿ ಬಣ್ಣವನ್ನು ಕೊಡುವ, ಗುಣಗಳಿಗೆ ಮೂಲವೆಂದು ಹೆಸರಾದ ದ್ರವ್ಯ ಕರ್ಕ್ಯುಮಿನ್. 1815ರಲ್ಲಿ ವೋಗೆಲ್ ಮತ್ತು ಪೆಲೆಟಿಯೇ ಎಂಬವರು ಈ ಬಣ್ಣದ ದ್ರವ್ಯವನ್ನು ಅರಿಸಿನದಿಂದ ಬೇರ್ಪಡಿಸಿದರು. ಅದರ ರಚನೆ ಹೀಗಿದೆಯೆಂದು ರಸಾಯನಶಾಸ್ತ್ರಜ್ಞರು ನಿರ್ಧರಿಸಿದ್ದು 1910ರಲ್ಲಿ. ಒಳ್ಳೆಯ ಅರಿಸಿನ ಪುಡಿಯಲ್ಲಿಯೂ ಈ ದ್ರವ್ಯ ತೂಕದಲ್ಲಿ ಸುಮಾರು ನೂರಕ್ಕೆ 3 ಭಾಗ ಮಾತ್ರ. ಹಾಗಾದರೆ ಒಂದು ಚಹಾ ಚಮಚದ ಪುಡಿ, ಅಂದರೆ ಸುಮಾರು 3 ಗ್ರಾಂ, ಒಬ್ಬರ ಹೊಟ್ಟೆಗೇ ಹೋಯಿತೆನ್ನಿ, ಅದರಲ್ಲಿರುವ ಕರ್ಕ್ಯುಮಿನ್ 100 ಮಿಲಿಗ್ರಾಮಿನ ಆಸುಪಾಸು. ಮನೆಯ ಸಾರು ಪಲ್ಯಗಳಲ್ಲಿ ಒಬ್ಬೊಬ್ಬರ ಪಾಲಿಗೆ ಬರುವುದು ಅದಕ್ಕಿಂತಲೂ ಕಡಿಮೆ.

ಇನ್ನು ರಕ್ತದಲ್ಲಿ ಇದನ್ನು ಅಳೆಯುವ ಬಗೆ. ಉಪವಾಸವಿದ್ದ ವ್ಯಕ್ತಿಗೆ ತೂಕಮಾಡಿದ ಕರ್ಕ್ಯುಮಿನ್ ಕೊಟ್ಟು, ಕಾಲು ಗಂಟೆ, ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ಹೀಗೆ ಗೊತ್ತುಪಡಿಸಿದ ಹೊತ್ತಿಗೆ ತೋಳಿನಿಂದ ಕೆಲವು ಮಿಲಿಲೀಟರ್ ರಕ್ತವನ್ನು ತೆಗೆಯುತ್ತಾರೆ. ಅದನ್ನು ವೇಗವಾಗಿ ಗಿರಗಿರನೆ ತಿರುಗಿಸುವ ಯಂತ್ರದಲ್ಲಿ ಇಟ್ಟಾಗ ಕೆಂಪು ಕಣಗಳು ತಳಕ್ಕೆ ಕೂತು, ಮೇಲೆ ತಿಳಿಯಾದ ರಕ್ತರಸ ನಿಲ್ಲುತ್ತದೆ. ಕಡೆದಾಗ ಬೆಣ್ಣೆಯೂ ಮಜ್ಜಿಗೆಯೂ ಬೇರೆಯಾದಂತೆ. ಕರ್ಕ್ಯುಮಿನ್ ಬೆಳಕಿಗೆ ಕೆಡುವ ವಸ್ತು. ಆದುದರಿಂದ ಕೊಳವೆಗಳನ್ನು ಬೆಳಕು ತಾಗದಂತೆ ಮರೆಮಾಡಿ, ಬೇಗನೆ ಕಡುಶೀತದಲ್ಲಿ ಇಡಬೇಕು. ಆ ಮೇಲೆ ತಕ್ಕ ದ್ರಾವಕದಲ್ಲಿ ಕರಗಿಸಿ ರಕ್ತರಸದಿಂದ ಅದನ್ನು ಎಳೆದು ತೆಗೆಯುತ್ತಾರೆ.

ಹಾಗೆ ತೆಗೆದ ತೊಟ್ಟು ದ್ರವವನ್ನು ಅತಿಸೂಕ್ಷ್ಮ ಪುಡಿಯನ್ನು ಒತ್ತಿ ತುಂಬಿದ ಉಕ್ಕಿನ ಕೊಳವೆಯೊಂದರಲ್ಲಿ ಭಾರಿ ಒತ್ತಡದಿಂದ ಹಾಯಿಸುತ್ತಾರೆ. ಜಾತ್ರೆಯ ಗುಂಪಿನಲ್ಲಿ ಅಂಗಡಿ ಕಂಡಲ್ಲೆಲ್ಲ ನಿಲ್ಲುವವರು ಹಿಂದೆ ಉಳಿದು, ನಿಲ್ಲದೆ ನಡೆಯುವವರು ಮುಂದೆ ಹೋಗುವಂತೆ, ಪುಡಿಗೆ ಹೆಚ್ಚು ಅಂಟುವ ವಸ್ತು ತಡವಾಗಿ, ಅಂಟದ್ದು ಮೊದಲು ಹೊರಬರುತ್ತದೆ. ಒಂದೊಂದು ವಸ್ತುವೂ ತನ್ನ ಹೊತ್ತಿಗೆ ಪ್ರತ್ಯೇಕವಾಗಿ ಬರುವುದರಿಂದ ಗುರುತಿಸಲು ಬರುತ್ತದೆ. ಹೊರಬಂದದ್ದು ನೀಲಿ ಬೆಳಕನ್ನು ಎಷ್ಟು ಹೀರುತ್ತದೆಂಬುದರ ಮೇಲೆ, ಇಲ್ಲವೆ ಅದರ ಅಣುವಿನ ತೂಕವನ್ನೇ ನೋಡುವ ಯಂತ್ರದ ಮೂಲಕ, ಕರ್ಕ್ಯುಮಿನ್ ಎಷ್ಟಿದೆಯೆಂದು ಲೆಕ್ಕ ಹಾಕುತ್ತಾರೆ. ಇಲ್ಲಿ ಗ್ರಾಮಿನ ಮಾತಿಲ್ಲ. ಮಿಲಿಗ್ರಾಮಿನ ಸಾವಿರದ ಒಂದು ಭಾಗವಾದ ಮೈಕ್ರೋಗ್ರಾಂ, ಅದರ ಸಾವಿರದ ಒಂದು ಭಾಗವಾದ ನ್ಯಾನೋಗ್ರಾಂ, ಇವೇ ಇಲ್ಲಿನ ಸೇರು ಪಾವುಗಳು.

ಇಷ್ಟು ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿದಾಗ ಕಂಡದ್ದೇನು? 1978ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಇಲಿಗಳಿಗೆ ದೇಹತೂಕದ ಒಂದು ಕಿಲೋಗೆ 1 ಗ್ರಾಮಿನಂತೆ ಕರ್ಕ್ಯುಮಿನ್ ತಿನ್ನಿಸಿ ನೋಡಿದರು. ಸುಮಾರು ಮುಕ್ಕಾಲು ಪಾಲು ಮಲದಲ್ಲಿ ಹೊರಟುಹೋಯಿತು. ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆಯೆಂದು ಅವರು ಬರೆದರು.

ಎರಡೇ ವರ್ಷಗಳ ಬಳಿಕ, 1980ರಲ್ಲಿ, ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಿಂದ ಇದೇ ವಿಷಯದ ಪ್ರಬಂಧವೊಂದು ಪ್ರಕಟವಾಯಿತು. ಬರೆದವರು ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಚಂದ್ರಶೇಖರ ಎಂಬವರು. ವಿಜಯಲಕ್ಷ್ಮಿಯವರು ಮುಂದೆ ಮಿದುಳಿನ ಸಂಶೋಧನೆಯಲ್ಲಿ ದೇಶವಿಖ್ಯಾತರಾದರು. ಇಲಿಗಳಿಗೆ 400 ಮಿಲಿಗ್ರಾಂ ಕೊಟ್ಟು, ಕಾಲು ಗಂಟೆಯಿಂದ 24 ಗಂಟೆಗಳವರೆಗೆ ಅವರು ಅಂಗಾಂಗಗಳನ್ನು ಪರೀಕ್ಷಿಸಿದರು. ಹೃದಯದ ರಕ್ತದಲ್ಲಿ ಕರ್ಕ್ಯುಮಿನ್ ಕಾಣಲೇ ಇಲ್ಲ. ಕರುಳಿನಿಂದ ಯಕೃತ್ತಿಗೆ ಹೋಗುವ ರಕ್ತನಾಳದಲ್ಲಿ ಲೇಶಮಾತ್ರ ಕಂಡಿತು. ಒಂದು ದಿನ ಕಳೆದರೂ ಕೊಟ್ಟದ್ದರಲ್ಲಿ ನೂರಕ್ಕೆ 38 ಭಾಗ ಕರುಳಿನ ಕೆಳಭಾಗದಲ್ಲಿಯೇ ಉಳಿದಿತ್ತು. ಆದರೆ ಉಳಿದ ಸುಮಾರು 60 ಭಾಗ ದೇಹವನ್ನು ಸೇರಿತ್ತು! ದೇಹವನ್ನು ಸೇರಿದ್ದು ರಕ್ತದಲ್ಲಿ ಏಕೆ ಕಾಣಲಿಲ್ಲ? ಮೂತ್ರವನ್ನು ಪರೀಕ್ಷಿಸಿದಾಗ ಸುಳಿವು ಸಿಕ್ಕಿತು. ಅದು ಬೇರೆ ವಸ್ತುವಿನೊಡನೆ ಬೆಸೆದುಕೊಂಡು, ವೇಷ ಬದಲಿಸಿ ಹೊರಹೋಗುತ್ತಿತ್ತು.

ಈ ವೇಷಾಂತರವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ನಾವು ತಿಂದ ಅನ್ನಪಾನಾದಿಗಳ ಜೊತೆಗೆ ದೇಹಕ್ಕೆ ಪರಕೀಯವಾದ ಅನೇಕ ವಸ್ತುಗಳು ಒಳಬರುತ್ತವೆ. ಅವುಗಳನ್ನು ತಡೆದು ಹೊರಗೆ ಸಾಗಿಸುವ ಕಾವಲುಗಾರರು ಕರುಳಿನ ಗೋಡೆಯಲ್ಲಿಯೂ ಯಕೃತ್ತಿನಲ್ಲಿಯೂ ಇದ್ದಾರೆ. ನೀರಿನಲ್ಲಿ ಕರಗದ ವಸ್ತುವಿಗೆ ಸಕ್ಕರೆಯಿಂದ ಹುಟ್ಟಿದ ಒಂದು ಆಮ್ಲವನ್ನೋ ಗಂಧಕದ ಒಂದು ತುಣುಕನ್ನೋ ಅಂಟಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಪಿತ್ತ ಅಥವಾ ಮೂತ್ರದ ದಾರಿಗೆ ಕಳುಹಿಸುವುದು ಅವರ ಕೆಲಸ. ಕರ್ಕ್ಯುಮಿನ್ ಅವರ ಕೈಗೆ ಸುಲಭವಾಗಿ ಸಿಕ್ಕುವ ವಸ್ತು. ಮೊದಲೇ ಅದು ನೀರಿನಲ್ಲಿ ಕರಗದು. ಕರಗಿದಷ್ಟೂ ಕರುಳಿನ ಗೋಡೆ ದಾಟುವಾಗ ಬೆಸುಗೆಗೊಳ್ಳುತ್ತದೆ. ಅಲ್ಲಿ ತಪ್ಪಿಸಿಕೊಂಡದ್ದು ಯಕೃತ್ತಿನಲ್ಲಿ ಸಿಕ್ಕಿಬೀಳುತ್ತದೆ. ಬೆಸುಗೆಗೊಂಡ ದ್ರವ್ಯವು ಹೆಚ್ಚಿನ ಪ್ರಯೋಗಗಳಲ್ಲಿ ಮೂಲದ್ರವ್ಯದಷ್ಟು ಕ್ರಿಯಾಶೀಲವಾಗಿ ಕಂಡಿಲ್ಲ.

ಇಲಿಗಳ ಮಾತು ಇರಲಿ, ಮನುಷ್ಯರ ವಿಷಯವೇನು ಎಂದು ವಾಚಕರು ಕೇಳಬಹುದು. 2001ರಲ್ಲಿ ತೈವಾನಿನ ವೈದ್ಯರು 25 ಮಂದಿಗೆ ಮೂರು ತಿಂಗಳ ಕಾಲ ಕರ್ಕ್ಯುಮಿನ್ ಕೊಟ್ಟು ನೋಡಿದ ವರದಿ ಬಂದಿತು. ದಿನಕ್ಕೆ 8 ಗ್ರಾಂ ತೆಗೆದುಕೊಂಡವರ ರಕ್ತದಲ್ಲಿ, ಸೇವಿಸಿದ ಒಂದೆರಡು ಗಂಟೆಗಳಲ್ಲಿ, ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಮಿನ ಮೂರನೆಯ ಎರಡು ಪಾಲಿನಷ್ಟು ಕಂಡಿತು. 2004ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಕರುಳಿನ ಅರ್ಬುದರೋಗಿಗಳಿಗೆ ದಿನಕ್ಕೆ 3.6 ಗ್ರಾಂ ಕೊಟ್ಟಾಗ ಕಂಡದ್ದು ಮಿಲಿಲೀಟರಿಗೆ ಕೇವಲ 4 ನ್ಯಾನೋಗ್ರಾಂ. 2006ರಲ್ಲಿ ಅಮೆರಿಕದಲ್ಲಿ 24 ಮಂದಿ ಆರೋಗ್ಯವಂತರಿಗೆ ಅರ್ಧ ಗ್ರಾಮಿನಿಂದ 12 ಗ್ರಾಮಿನವರೆಗೆ ಬೇರೆ ಬೇರೆ ಪ್ರಮಾಣಗಳನ್ನು ಒಂದೇ ಸಲಕ್ಕೆ ಕೊಟ್ಟರು. 8 ಗ್ರಾಮಿನವರೆಗೆ ಯಾರ ರಕ್ತದಲ್ಲಿಯೂ ಅದು ಸಿಗಲಿಲ್ಲ. 10 ಮತ್ತು 12 ಗ್ರಾಂ ತೆಗೆದುಕೊಂಡವರಲ್ಲಿ ಇಬ್ಬರಿಗೆ ಮಾತ್ರ ಅಲ್ಪಸ್ವಲ್ಪ ಕಂಡಿತು. 2008ರಲ್ಲಿ 12 ಮಂದಿಗೆ 10 ಅಥವಾ 12 ಗ್ರಾಂ ಕೊಟ್ಟು, ಒಬ್ಬೊಬ್ಬರ ರಕ್ತವನ್ನೂ 14 ಹೊತ್ತುಗಳಲ್ಲಿ ಅಳೆದರು. ಬಿಡಿಯಾದ ಕರ್ಕ್ಯುಮಿನ್ ಒಬ್ಬರಲ್ಲಿ ಮಾತ್ರ ಕಂಡಿತು. ಬೆಸುಗೆಗೊಂಡ ರೂಪ ಎಲ್ಲರಲ್ಲಿಯೂ ಇತ್ತು. ನೆನಪಿರಲಿ, 10 ಗ್ರಾಂ ಕರ್ಕ್ಯುಮಿನ್ ಎಂದರೆ ಸುಮಾರು 330 ಗ್ರಾಂ ಅರಿಸಿನ ಪುಡಿಯಲ್ಲಿರುವಷ್ಟು.

ಈಗ ಕಾಳುಮೆಣಸಿನ ಪ್ರಸಂಗಕ್ಕೆ ಬರೋಣ. ಶಿಕ್ಷಕರ ಸೀಸೆಯ ಮೇಲೆ "ಕಾಳುಮೆಣಸಿನ ಸಾರದಿಂದ 20 ಪಟ್ಟು ಹೆಚ್ಚು ಶಕ್ತಿ" ಎಂಬ ಅರ್ಥದ ಮಾತು ಅಚ್ಚಾಗಿತ್ತು. ಅದರ ಮೂಲವೂ ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗವದು. ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಎಂಬ ದ್ರವ್ಯವು ಕಾವಲುಗಾರರ ಕೈಯನ್ನು ಸ್ವಲ್ಪ ಹೊತ್ತು ಕಟ್ಟಿಹಾಕುತ್ತದೆ. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟಾಗ ರಕ್ತದಲ್ಲಿ ಅದು ಕಾಣಲಿಲ್ಲ ಅಥವಾ ಅತ್ಯಲ್ಪವಾಗಿ ಕಂಡಿತು. ಅದರೊಡನೆ 20 ಮಿಲಿಗ್ರಾಂ ಪೈಪರಿನ್ ಕೂಡಿಸಿದಾಗ ದೇಹಕ್ಕೆ ದೊರೆತ ಪ್ರಮಾಣ ಶೇಕಡಾ 2000ದಷ್ಟು ಏರಿತು. ಜಗತ್ತಿನಾದ್ಯಂತ ಗುಳಿಗೆಯ ಸೀಸೆಗಳ ಮೇಲೆ ಅಚ್ಚಾದ ಅಂಕಿ ಇದೇ.

ಪ್ರಯೋಗ ಸುಳ್ಳಲ್ಲ. ಆದರೆ ಅಂಕಿಯನ್ನು ಓದುವ ಬಗೆಯೊಂದಿದೆ. ನಾವು ಪ್ರಯೋಗಾಲಯದಿಂದ ಬರೆದುಕೊಂಡು ಬಂದ ಲೆಕ್ಕವನ್ನು ಶಿಕ್ಷಕರ ಮುಂದಿಟ್ಟಾಗ ಅವರು ಜೇಬಿನಿಂದ ಪೆನ್ನು ತೆಗೆದು, ಹಳೆಯ ಲಗ್ನಪತ್ರಿಕೆಯ ಬೆನ್ನಿನ ಮೇಲೆ ಲೆಕ್ಕ ಹಾಕಿದರು. ಮೆಣಸಿಲ್ಲದಾಗ ರಕ್ತದಲ್ಲಿ ಕಂಡ ಗರಿಷ್ಠ ಪ್ರಮಾಣ ಮಿಲಿಲೀಟರಿಗೆ ಸುಮಾರು 0.006 ಮೈಕ್ರೋಗ್ರಾಂ. ಮೆಣಸಿನ ಸಾರದೊಡನೆ ಸುಮಾರು 0.18. ಮನುಷ್ಯನ ದೇಹದಲ್ಲಿ ರಕ್ತರಸ ಸುಮಾರು 3 ಲೀಟರ್, ಅಂದರೆ 3000 ಮಿಲಿಲೀಟರ್. ಗುಣಿಸಿದರೆ ಮೊದಲನೆಯದು 18 ಮೈಕ್ರೋಗ್ರಾಂ, ಎರಡನೆಯದು 540 ಮೈಕ್ರೋಗ್ರಾಂ. ನುಂಗಿದ್ದು 2 ಗ್ರಾಂ, ಅಂದರೆ 20 ಲಕ್ಷ ಮೈಕ್ರೋಗ್ರಾಂ. ಹಾಗಾದರೆ ಅತ್ಯಂತ ಹೆಚ್ಚು ಕಂಡ ಗಳಿಗೆಯಲ್ಲಿಯೂ ರಕ್ತರಸದಲ್ಲಿದ್ದದ್ದು ಮೆಣಸಿಲ್ಲದೆ ಲಕ್ಷಕ್ಕೆ ಒಂದು ಪಾಲು, ಮೆಣಸಿನೊಡನೆ ನಾಲ್ಕು ಸಾವಿರಕ್ಕೆ ಒಂದು ಪಾಲು. ಶಿಕ್ಷಕರು ಪೆನ್ನು ಮುಚ್ಚಿ, "ಗುರುಗಳೇ, ಒಂದು ಪೈಸೆಗೆ ಇಪ್ಪತ್ತು ಪಟ್ಟು ಬಡ್ಡಿ ಬಂದರೂ ಅದು ಇಪ್ಪತ್ತೊಂದು ಪೈಸೆ" ಎಂದರು.

ಅಳತೆಯಲ್ಲಿ ಇನ್ನೊಂದು ಕಣ್ಕಟ್ಟಿದೆ. ಕೆಲವು ಪ್ರಯೋಗಗಳಲ್ಲಿ ರಕ್ತರಸಕ್ಕೆ ಒಂದು ಕಿಣ್ವವನ್ನು ಸೇರಿಸಿ, ಬೆಸುಗೆಗೊಂಡದ್ದನ್ನೆಲ್ಲ ಬಿಡಿಸಿ, ಆಮೇಲೆ ಅಳೆಯುತ್ತಾರೆ. ಆಗ ಅಂಕಿ ದೊಡ್ಡದಾಗಿ ಬರುತ್ತದೆ. ದೇಹದೊಳಗೆ ಬಿಡಿಯಾಗಿ ಇಲ್ಲದಿದ್ದುದನ್ನು ಗಾಜಿನ ಕೊಳವೆಯಲ್ಲಿ ಬಿಡಿಸಿ ಎಣಿಸಿದಂತೆ ಅದು. ಶಾಸ್ತ್ರದ ದೃಷ್ಟಿಯಿಂದ ಅದೂ ಬೇಕಾದ ಅಳತೆಯೇ. ಆದರೆ "ಇಷ್ಟು ಪಟ್ಟು ಹೆಚ್ಚು ಹೀರಿಕೆ" ಎಂದು ಸೀಸೆಯ ಮೇಲೆ ಓದಿದಾಗ ಅಳೆದದ್ದು ಬಿಡಿಯನ್ನೋ ಬೆಸುಗೆಗೊಂಡದ್ದನ್ನೋ ಎಂದು ಕೇಳಬೇಕು. ಆ ಉತ್ತರ ಸೀಸೆಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಪೈಪರಿನ್ ಕಾವಲುಗಾರರ ಕೈ ಕಟ್ಟುವುದು ಅರಿಸಿನದ ಮಟ್ಟಿಗೆ ಮಾತ್ರವಲ್ಲ. ಅದೇ ಕಾವಲುಗಾರರು ನಮ್ಮ ಮನೆಯ ಹಿರಿಯರು ನಿತ್ಯ ಸೇವಿಸುವ ಮಾತ್ರೆಗಳನ್ನೂ ನಿಯಂತ್ರಿಸುತ್ತಾರೆ. ರಕ್ತದ ಒತ್ತಡಕ್ಕೆ ಕೊಡುವ ಪ್ರೊಪ್ರನಾಲಾಲ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಎಂಬ ಔಷಧಗಳೊಡನೆ ಪೈಪರಿನ್ ಕೊಟ್ಟಾಗ ರಕ್ತದಲ್ಲಿ ಅವುಗಳ ಪ್ರಮಾಣ ಏರಿದ್ದು 1991ರಲ್ಲಿಯೇ ಮನುಷ್ಯರಲ್ಲಿ ಕಂಡುಬಂದಿತ್ತು. ವೈದ್ಯರು ತೂಗಿ ಕೊಟ್ಟ ಮಾತ್ರೆಯ ತೂಕವನ್ನು ನಾವೇ ಅರಿಯದೆ ಹೆಚ್ಚಿಸಿದಂತಾಯಿತು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುತ್ತಿದ್ದ ನ್ಯೂಜಿಲೆಂಡಿನ ವ್ಯಕ್ತಿಯೊಬ್ಬರು ಅರಿಸಿನದ ಪೂರಕವನ್ನು ಆರಂಭಿಸಿದ ಬಳಿಕ, ಅವರ ರಕ್ತ ಹೆಪ್ಪುಗಟ್ಟುವ ಶಕ್ತಿ ಅಪಾಯದ ಮಟ್ಟಕ್ಕೆ ಕುಗ್ಗಿತೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿತು.

ಯಕೃತ್ತಿನ ವಿಷಯವೂ ನಮ್ಮ ಶಿಕ್ಷಕರೊಬ್ಬರ ಕಥೆಯಲ್ಲ. ಔಷಧಗಳಿಂದಾದ ಯಕೃತ್ತಿನ ಹಾನಿಯನ್ನು ದಾಖಲಿಸುವ ಅಮೆರಿಕದ ವೈದ್ಯರ ಕೂಟವು ಅರಿಸಿನದ ಪೂರಕಗಳಿಂದ ಪೀಡಿತರಾದ 10 ಮಂದಿಯ ವೃತ್ತಾಂತವನ್ನು 2023ರಲ್ಲಿ ಪ್ರಕಟಿಸಿತು. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡಿದ್ದರು. ಹತ್ತರಲ್ಲಿ ಏಳು ಮಂದಿಗೆ ಒಂದೇ ಬಗೆಯ ಆನುವಂಶಿಕ ಗುರುತು ಇತ್ತು. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಯಾರಿಗೆ ಆಗುವುದೆಂದು ಮುಂಚಿತವಾಗಿ ಮುಖ ನೋಡಿ ಹೇಳಲಾಗದು. ಇಟಲಿಯಲ್ಲಿಯೂ ಇಂತಹ ಪ್ರಕರಣಗಳು ಕಂಡು, 2019ರಲ್ಲಿ ಅಲ್ಲಿನ ಸರ್ಕಾರ ಜನರನ್ನು ಎಚ್ಚರಿಸಿತು. ಇವೆಲ್ಲ ಸಾರಗೊಳಿಸಿದ ಗುಳಿಗೆಗಳ ಮಾತು. ಒಗ್ಗರಣೆಯ ಚಿಟಿಕೆಗೆ ಇವನ್ನು ಅನ್ವಯಿಸಿ ಗಾಬರಿಯಾಗಬೇಕಾಗಿಲ್ಲ.

ಅರಿಸಿನದಿಂದ ರಕ್ತಕ್ಕೆ ನಿಶ್ಚಯವಾಗಿ ಸೇರುವ ಇನ್ನೊಂದು ವಸ್ತುವನ್ನೂ ಹೇಳಬೇಕು. ಅದು ಅರಿಸಿನದ್ದಲ್ಲ, ಮನುಷ್ಯನ ಲೋಭದ್ದು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿದಾಗ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಸೀಸದ ಪ್ರಮಾಣ ಮಿತಿಮೀರಿತ್ತು. ಅಲ್ಲಿ ಸೀಸದ ಕಾರ್ಖಾನೆಗಳಿರಲಿಲ್ಲ. ಎಲ್ಲಿಂದ ಬಂದಿತೆಂದು ಹುಡುಕುತ್ತ ಹೋದವರು ಅಡಿಗೆಮನೆಯ ಅರಿಸಿನದ ಡಬ್ಬಿಗೆ ಬಂದು ನಿಂತರು. ಮಾಸಿದ ಕೊಂಬು ಹೊಳೆಯಲೆಂದು ಅದಕ್ಕೆ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಸವರಿ ಮಾರುತ್ತಿದ್ದರು. ಗಣಿಗಣಿಯ ಸೀಸಕ್ಕೂ ಪರಮಾಣುಗಳ ತೂಕದಲ್ಲಿ ಬೇರೆ ಬೇರೆ ಗುರುತಿರುತ್ತದೆ. ತಾಯಂದಿರ ರಕ್ತದಲ್ಲಿದ್ದ ಸೀಸದ ಗುರುತು ಅರಿಸಿನದಲ್ಲಿದ್ದ ಸೀಸಕ್ಕೆ ಹೊಂದಿತೆಂದು 2019ರಲ್ಲಿ ತೋರಿಸಿದರು. ಸೀಸಕ್ಕೆ ಸುರಕ್ಷಿತವಾದ ಪ್ರಮಾಣವೆಂಬುದು ಗೊತ್ತಿಲ್ಲ; ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಅದು ಕುಂಠಿತಗೊಳಿಸುತ್ತದೆ.

ಸಂತೋಷದ ಸಂಗತಿಯೆಂದರೆ, ಆ ದೇಶದ ಅಧಿಕಾರಿಗಳು ಸುಮ್ಮನೆ ಕೂರಲಿಲ್ಲ. ಪೇಟೆಗಳಲ್ಲಿ ತಪಾಸಣೆ, ದಂಡ, ಪ್ರಚಾರ ನಡೆದವು. 2019ರಲ್ಲಿ ಪೇಟೆಯ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿದ್ದ ಸೀಸ 2021ರ ಹೊತ್ತಿಗೆ ಒಂದರಲ್ಲಿಯೂ ಕಾಣಲಿಲ್ಲ. ಅರಿಸಿನದ ಗಿರಣಿಯ ಕೆಲಸಗಾರರ ರಕ್ತದಲ್ಲಿಯೂ ಸೀಸ ಸುಮಾರು ಮೂರನೆಯ ಒಂದು ಪಾಲಿನಷ್ಟು ಇಳಿಯಿತು. ನಮ್ಮ ದೇಶವನ್ನೂ ನೆರೆಹೊರೆಯ ದೇಶಗಳನ್ನೂ ಕೂಡಿಸಿ 23 ನಗರಗಳ ಅರಿಸಿನವನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೂರಕ್ಕೆ ಸುಮಾರು 14 ಮಾದರಿಗಳಲ್ಲಿ ಗ್ರಾಮಿಗೆ 2 ಮೈಕ್ರೋಗ್ರಾಮಿಗಿಂತ ಹೆಚ್ಚು ಸೀಸವಿತ್ತು. ಪಟ್ನಾ ನಗರದಲ್ಲಿ ಸಾವಿರವನ್ನು ಮೀರಿದ ಮಾದರಿಗಳೂ ದೊರೆತವು. ನಮ್ಮ ದೇಶದ ಆಹಾರ ನಿಯಮದ ಮಿತಿ 10.

ಹಾಗಾದರೆ ಅರಿಸಿನಕ್ಕೆ ಗುಣವೇ ಇಲ್ಲವೇ ಎಂದು ಯಾರಾದರೂ ಕೇಳಿದರೆ, ಹಾಗೆ ಹೇಳುವುದೂ ಇನ್ನೊಂದು ಅತಿರೇಕವಾದೀತು. ರಕ್ತಕ್ಕೆ ಸೇರದಿದ್ದರೂ ಅದು ಕರುಳಿನಲ್ಲಿ ಬಹಳ ಹೊತ್ತು ಇರುತ್ತದೆ. ಅಲ್ಲಿ ಅದರ ಕೆಲಸವೇನೆಂಬುದನ್ನು ಸಂಶೋಧಕರು ಈಗಲೂ ಪರಿಶೀಲಿಸುತ್ತಿದ್ದಾರೆ. ಮೊಣಕಾಲ ನೋವಿನ ಬಗ್ಗೆ 2020ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಿಂದ ಬಂದ ವರದಿಯೊಂದರಲ್ಲಿ 70 ಮಂದಿ ರೋಗಿಗಳಿದ್ದರು. 12 ವಾರಗಳ ಬಳಿಕ ಅರಿಸಿನದ ಸಾರ ಸೇವಿಸಿದವರಿಗೆ ಬರಿಯ ಸೋಗಿನ ಗುಳಿಗೆ ಸೇವಿಸಿದವರಿಗಿಂತ ನೋವು ಸ್ವಲ್ಪ ಕಡಿಮೆಯಾಗಿತ್ತು. ಕೀಲಿನ ಊತದಲ್ಲಿ, ಎಲುಬಿನ ತುದಿಯ ಮೃದುಭಾಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಕಡೆ, ಮನುಷ್ಯರ ಮೇಲಿನ 120ಕ್ಕೂ ಹೆಚ್ಚು ಪ್ರಯೋಗಗಳನ್ನು ಗಮನದಲ್ಲಿಟ್ಟು 2017ರಲ್ಲಿ ಬರೆದ ಔಷಧ ರಸಾಯನಜ್ಞರು, ಕಟ್ಟುನಿಟ್ಟಾದ ಪರೀಕ್ಷೆಯಲ್ಲಿ ಕರ್ಕ್ಯುಮಿನ್ ಯಶಸ್ವಿಯಾದ ಉದಾಹರಣೆ ಇಲ್ಲವೆಂದಿದ್ದರು. ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ. ಮುಗಿಯದ ವಾದವನ್ನು ಮುಗಿದಿದೆಯೆಂದು ಸಭೆಗೆ ಸಾರಿದ್ದು ನಮ್ಮ ತಪ್ಪು.

ಗೃಹಸ್ಥ ಬಂಧುಗಳು ಗಮನಿಸಬೇಕಾದದ್ದು ಇಷ್ಟು. ಅಡಿಗೆಯಲ್ಲಿ ಅರಿಸಿನ ಎಂದಿನಂತೆ ಇರಲಿ. ಎಣ್ಣೆಯ ಒಗ್ಗರಣೆ, ಸಾರಿನ ಕಾಳುಮೆಣಸು ಎಲ್ಲವೂ ರುಚಿಗೆ, ಜೀರ್ಣಕ್ಕೆ ಒಳ್ಳೆಯವೇ. ಸಾರಗೊಳಿಸಿದ ಗುಳಿಗೆಯನ್ನು ಮಾತ್ರ ಅಡಿಗೆಯ ಸಾಮಾನೆಂದು ಭಾವಿಸದೆ ಔಷಧವೆಂದೇ ಭಾವಿಸಿ, ವೈದ್ಯರನ್ನು ಕೇಳಿ ಸೇವಿಸಬೇಕು. ಈಗಾಗಲೇ ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಮೂರ್ಛೆರೋಗಗಳ ಮಾತ್ರೆ ನುಂಗುವವರು ಇನ್ನೂ ಜಾಗರೂಕರಾಗಿರಬೇಕು. ಸೇವಿಸುತ್ತಿರುವಾಗ ಹಸಿವು ಕೆಟ್ಟರೆ, ಮೂತ್ರ ಕಡುಬಣ್ಣವಾದರೆ, ಕಣ್ಣು ಹಳದಿಯಾದರೆ ತಕ್ಷಣ ನಿಲ್ಲಿಸಿ ಸೀಸೆಯೊಡನೆ ವೈದ್ಯರಲ್ಲಿಗೆ ಹೋಗಬೇಕು. ವೈದ್ಯರು ಯಾವ ಮಾತ್ರೆಗಳನ್ನು ನುಂಗುತ್ತೀರಿ ಎಂದು ಕೇಳಿದಾಗ "ಅದು ಬರಿ ಅರಿಸಿನ" ಎಂದು ಮುಚ್ಚಿಡಬಾರದು. ಪೇಟೆಯಲ್ಲಿ ಕೊಂಬು ಕೊಳ್ಳುವಾಗ ಕಣ್ಣಿಗೆ ಹೊಡೆಯುವ ಹೊಳಪನ್ನು ನೋಡಿ ಮರುಳಾಗಬಾರದು. ಸಹಜವಾದ ಅರಿಸಿನ ಹೊರಗೆ ಮಾಸಲಾಗಿಯೇ ಇರುತ್ತದೆ. ಪುಡಿಯಾದರೆ ಅಗ್ಮಾರ್ಕ್ ಮುದ್ರೆ ಹಾಗೂ ಆಹಾರ ಪರವಾನಗಿಯ ಸಂಖ್ಯೆ ಇರುವುದನ್ನು ಕೊಳ್ಳುವುದು ಲೇಸು.

ನಾವು ಪಾಠಶಾಲೆಯಲ್ಲಿದ್ದಾಗ ನೆಗಡಿಯಾದರೆ ಅಡಿಗೆಯ ಅಜ್ಜಿ ಅರಿಸಿನದ ಹಾಲನ್ನು ಕುಡಿಸಿ ಹಣೆ ಮುಟ್ಟಿ ನೋಡುತ್ತಿದ್ದಳು. ಮೂರು ದಿನವಾದರೂ ಜ್ವರ ಇಳಿಯದಿದ್ದರೆ ಅವಳೇ ಹಿರಿಯರಿಗೆ ಹೇಳಿ ಡಾಕ್ಟರನ್ನು ಕರೆಸುತ್ತಿದ್ದಳು. ಅರಿಸಿನದ ಶಕ್ತಿ ಎಲ್ಲಿಗೆ ಮುಗಿಯುತ್ತದೆಂಬುದು ಅಕ್ಷರ ಬಾರದ ಆಕೆಗೆ ಗೊತ್ತಿತ್ತು. ಶಾಸ್ತ್ರ ಓದಿದ ನಾವು ಅದನ್ನು ಮರೆತೆವು.

ಈ ವರ್ಷದ ಶ್ರಾವಣದ ಮೊದಲ ದಿನ ಅದೇ ಪೀಠದ ಮೇಲೆ ಕುಳಿತು ಮೇಲಿನದ್ದನ್ನೆಲ್ಲ ಸಂಕ್ಷೇಪವಾಗಿ ಹೇಳಿ, ನಮ್ಮ ಹಿಂದಿನ ಮಾತು ತಪ್ಪೆಂದು ಒಪ್ಪಿಕೊಂಡೆವು. ಶಿಕ್ಷಕರು ಮುಂದಿನ ಸಾಲಿನಲ್ಲಿದ್ದರು. ಪ್ರವಚನ ಮುಗಿದ ಮೇಲೆ ದಾಸೋಹದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿಯೇ ಕುಳಿತು, ಬಡಿಸಿದ ಹಳದಿ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ಅಂದು ಬಾರದೆ ಇದ್ದವರಿಗೆ, ನಮ್ಮ ಹಳೆಯ ಮಾತನ್ನು ನಂಬಿ ಮನೆಯಲ್ಲಿ ಸೀಸೆ ಇಟ್ಟುಕೊಂಡಿರಬಹುದಾದವರಿಗೆ, ಈ ಬರಹ ತಲುಪಲಿ ಎಂದು ಹಾರೈಸುತ್ತೇವೆ.